ಮನೆ ಬಾಗಿಲಿಗೆ ಬಂದ ಆ ಮೇಡಂ ಯಾರು?

ಡಿಸೆಂಬರ್ ತಿಂಗಳು. ಮೂಡಿಗೆರೆ ಕಡೆ ಅರೇಬಿಕಾ ಕಾಫಿ ಕೊಯ್ಲು ಜೋರಾಗಿತ್ತು. ರಾತ್ರಿ ಎಂಟು ಗಂಟೆಗೆ ಪರಿಚಯದ ಹೆಂಗಸೊಬ್ಬರು ಫೋನ್ ಮಾಡಿದರು. ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವವರು. ಧ್ವನಿ ನಡುಗುತ್ತಿತ್ತು.

"ಅಕ್ಕಾ, ಇವತ್ತು ಚಿಕ್ಕಮಗಳೂರಿಂದ ಅಂತ ಒಬ್ಬರು ಮೇಡಂ ಬಂದಿದ್ರು. ಮಗಳು ಯಾಕೆ ಸ್ಕೂಲಿಗೆ ಹೋಗ್ತಿಲ್ಲ ಅಂತ ಕೇಳಿ ಎಲ್ಲಾ ಬರ್ಕೊಂಡು ಹೋದ್ರು. ಅವಳನ್ನ ಕರ್ಕೊಂಡು ಹೋಗ್ಬಿಡ್ತಾರಾ?"

ನಾನು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಕೆಲವು ವರ್ಷ ಮಕ್ಕಳ ರಕ್ಷಣೆಯ ಇದೇ ಕೆಲಸ ಮಾಡಿದ್ದೇನೆ. ಆದ್ದರಿಂದ ಈ ಪ್ರಶ್ನೆ ನನಗೆ ಹೊಸದಲ್ಲ. ಸಕಲೇಶಪುರದಲ್ಲೂ ಕೇಳಿದ್ದೇನೆ, ಕಡೂರಿನಲ್ಲೂ ಕೇಳಿದ್ದೇನೆ. ಮಕ್ಕಳ ವಿಷಯಕ್ಕೆ ಯಾರಾದರೂ ಮನೆಗೆ ಬಂದರೆ ಜನರಿಗೆ ಮೊದಲು ಆಗುವುದು ಭಯ. ಬಂದವರು ಪೊಲೀಸರಾ, ಮಗು ಕಿತ್ಕೊಳ್ಳೋಕೆ ಬಂದವರಾ, ಯಾರು ಹೇಳಿಕೊಟ್ಟರು ಅಂತ ತಲೆ ಓಡುತ್ತದೆ. ಈ ಭಯದಲ್ಲೇ ಕೆಲವರು ಮಗುವನ್ನು ನೆಂಟರ ಮನೆಗೆ ಕಳಿಸಿಬಿಡುತ್ತಾರೆ. ಆಮೇಲೆ ಸಹಾಯ ಮಾಡಬೇಕೆಂದರೂ ಮಗು ಸಿಗುವುದಿಲ್ಲ.

ಹಾಗಾಗಿ ಬುಡದಿಂದಲೇ ಹೇಳುತ್ತೇನೆ. ಮಕ್ಕಳಿಗೂ ಕುಟುಂಬಕ್ಕೂ ಜೊತೆ ನಿಲ್ಲುವ ಈ ಕೆಲಸ ಏನು, ಇದನ್ನು ಯಾರು ಮಾಡುತ್ತಾರೆ, ಅವರ ಕೈಯಲ್ಲಿ ಏನಿದೆ, ಏನಿಲ್ಲ?

ಅದಕ್ಕೆ ಮೊದಲು ಒಂದು ಮಾತು. ಇಲ್ಲಿ ಬರುವ ಮನೆ ಯಾರೊಬ್ಬರ ಮನೆಯೂ ಅಲ್ಲ. ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ ಒಂದು ಮನೆ ಮಾಡಿಕೊಂಡಿದ್ದೇನೆ. ರಕ್ಷಣೆಗೆ ಒಳಪಟ್ಟ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡಬಾರದು ಎಂದು ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಅಂಥ ಮಗುವಿನ ಫೋಟೋ ಹಾಕುವವರೂ ಇದನ್ನು ನೆನಪಿಡಬೇಕು.

ಹುದ್ದೆಯ ಹೆಸರು ಬೇರೆ ಬೇರೆ, ಕೆಲಸ ಒಂದೇ

ಹೊರದೇಶಗಳಲ್ಲಿ ಇದಕ್ಕೆ ಫ್ಯಾಮಿಲಿ ಸಪೋರ್ಟ್ ಸ್ಪೆಷಲಿಸ್ಟ್ ಎಂಬ ಹುದ್ದೆಯೇ ಇದೆ. ನಮ್ಮಲ್ಲಿ ಆ ಹೆಸರಿನ ಬೋರ್ಡು ಎಲ್ಲೂ ಕಾಣುವುದಿಲ್ಲ. ಆದರೆ ಕೆಲಸ ನಡೆಯುತ್ತಿದೆ. ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು, ಕ್ಷೇತ್ರ ಕಾರ್ಯಕರ್ತರು, ರಕ್ಷಣಾಧಿಕಾರಿ, ಇವರೆಲ್ಲ ಸೇರಿ ಇದನ್ನು ಮಾಡುತ್ತಾರೆ. ಊರಿನವರ ಬಾಯಲ್ಲಿ ಮಾತ್ರ ಎಲ್ಲರೂ "ಆಫೀಸಿಂದ ಬಂದ ಮೇಡಂ" ಅಥವಾ "ಸಾರ್".

ಕೆಲಸ ಏನು ಅಂತ ಕೇಳಿದರೆ ನಾನು ಮೆಣಸಿನ ಬಳ್ಳಿಯನ್ನು ತೋರಿಸುತ್ತೇನೆ. ಬಳ್ಳಿ ಹಾಲುವಾಣದ ಮರಕ್ಕೋ ಸಿಲ್ವರ್ ಓಕ್ ಮರಕ್ಕೋ ಹಬ್ಬಿರುತ್ತದೆ. ಗಾಳಿ ಮಳೆಗೆ ಮರ ವಾಲಿತು ಅಂದುಕೊಳ್ಳಿ. ತೋಟ ಗೊತ್ತಿದ್ದವರು ಬಳ್ಳಿಯನ್ನು ಹಿಡಿದು ಎಳೆಯುವುದಿಲ್ಲ. ಎಳೆದರೆ ಅದರ ಹಿಡಿಬೇರು ಕಿತ್ತು ಬರುತ್ತದೆ. ಮೊದಲು ಮರಕ್ಕೆ ಊರುಗೋಲು ಕೊಡುತ್ತಾರೆ. ಮರ ಬಿದ್ದೇ ಹೋಗುತ್ತದೆ, ಬಳ್ಳಿಯನ್ನೂ ಕೆಡವುತ್ತದೆ ಅನ್ನುವಾಗ ಮಾತ್ರ ಬಳ್ಳಿಯನ್ನು ಹುಷಾರಾಗಿ ಬಿಡಿಸಿ ಬೇರೆ ಆಸರೆಗೆ ಹಬ್ಬಿಸುತ್ತಾರೆ.

ಇಲ್ಲಿ ಬಳ್ಳಿ ಎಂದರೆ ಮಗು, ಮರ ಎಂದರೆ ಮನೆ. ಇದು ನನ್ನ ಕಲ್ಪನೆಯಷ್ಟೇ ಅಲ್ಲ, ಕಾನೂನಿನಲ್ಲೂ ಇದೇ ಇದೆ. 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಬಾಲ ನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಕೆಲವು ತತ್ವಗಳನ್ನು ಪಟ್ಟಿ ಮಾಡಿದೆ. ಮಗುವಿನ ಆರೈಕೆ ಮೊದಲು ಅದರ ಕುಟುಂಬದ ಹೊಣೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಎಲ್ಲ ದಾರಿ ನೋಡಿದ ಮೇಲಿನ ಕೊನೆಯ ದಾರಿ. ಮಗುವಿನ ಮಾತನ್ನೂ ಕೇಳಬೇಕು. ಈ ಮೂರನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯಾವ ಆಫೀಸು ಏನು ಮಾಡುತ್ತೆ?

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಎರಡು ಹೆಸರು ಬೇರೆ ಮಾಡಿಕೊಂಡರೆ ಸಾಕು.

ಒಂದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುತ್ತದೆ. ಮನೆಗೆ ಬರುವವರು, ಮಾತಾಡಿಸುವವರು, ವರದಿ ಬರೆಯುವವರು, ಸೌಲಭ್ಯ ಕೊಡಿಸಲು ಓಡಾಡುವವರು ಈ ಘಟಕದವರು. ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ.

ಇನ್ನೊಂದು, ಮಕ್ಕಳ ಕಲ್ಯಾಣ ಸಮಿತಿ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಈ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ. ಮಗು ಎಲ್ಲಿರಬೇಕು ಎಂದು ಆದೇಶ ಮಾಡುವುದು ಇವರು ಮಾತ್ರ.

ಆಸ್ಪತ್ರೆಗೆ ಹೋಲಿಸಿ ನೋಡಿ. ಮನೆಗೆ ಬಂದು ಜ್ವರ ನೋಡುವ ಆಶಾ ಅಕ್ಕ ಆಪರೇಷನ್ ಮಾಡುವುದಿಲ್ಲ, ಅಲ್ವಾ? ಮಾಡಬೇಕೋ ಬೇಡವೋ ಅಂತ ತೀರ್ಮಾನಿಸುವವರು ದೊಡ್ಡ ಡಾಕ್ಟರು. ಹಾಗೆಯೇ ಮನೆಗೆ ಬಂದ ಕಾರ್ಯಕರ್ತೆ ತಮ್ಮಷ್ಟಕ್ಕೆ ತಾವೇ ಮಗುವನ್ನು ನಿಮ್ಮಿಂದ ಬೇರೆ ಮಾಡುವಂತಿಲ್ಲ. ಮಗುವಿಗೆ ತಕ್ಷಣದ ಅಪಾಯ ಇದ್ದು ಕರೆದೊಯ್ದರೂ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು.

ಇವೆರಡರ ಜೊತೆಗೆ 1098 ಇದೆ. ಇದು ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು ಆಮೇಲೆ ದೇಶಕ್ಕೆಲ್ಲ ಹಬ್ಬಿತು. 2023ರಿಂದ ಇದನ್ನು ಹಂತಹಂತವಾಗಿ ಸರ್ಕಾರವೇ ವಹಿಸಿಕೊಂಡು ತುರ್ತು ನೆರವಿನ ನಂಬರ್ 112ರ ಜೊತೆ ಜೋಡಿಸಿದೆ. ಕರೆಗೆ ದುಡ್ಡಿಲ್ಲ. ಮಗುವೇ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು.

ಮೊದಲ ಭೇಟಿ

ಈಗ ಆ ಲೈನ್ ಮನೆಗೆ ಹೋಗೋಣ. ಒಂದು ಕೋಣೆ, ಒಂದು ಅಡುಗೆ ಮನೆ, ಹೊರಗೆ ತೆಂಗಿನ ಗರಿ ಕಟ್ಟಿದ ಬಚ್ಚಲು. ಅಮ್ಮ ಬೆಳಿಗ್ಗೆ ಎದ್ದು ಹಣ್ಣು ಕುಯ್ಯಲು ಹೋಗುತ್ತಾರೆ. ಅಪ್ಪನೂ ಕೆಲಸಕ್ಕೆ ಹೋಗುತ್ತಾನೆ, ಆದರೆ ಬಟವಾಡೆಯ ದಿನ ಸಂಜೆ ಅರ್ಧ ದುಡ್ಡು ಕುಡಿತಕ್ಕೆ ಹೋಗುತ್ತದೆ. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಮಗನಿಗೆ ಎರಡು ವರ್ಷ. ಹುಡುಗಿ ಒಂದು ತಿಂಗಳಿಂದ ಶಾಲೆಗೆ ಬಂದಿಲ್ಲ. ಮೇಷ್ಟ್ರು ತಿಳಿಸಿದ್ದರಿಂದ ಘಟಕದವರು ಬಂದಿದ್ದಾರೆ.

ಹೊರಗಿನಿಂದ ನೋಡಿದರೆ ಇದು "ಶಾಲೆ ಬಿಟ್ಟ ಹುಡುಗಿ" ಕೇಸು. ಹೊಸಬರು ಆದರೆ ಹುಡುಗಿಗೆ ಬುದ್ಧಿ ಹೇಳುತ್ತಾರೆ, ಓದಿನ ಮಹತ್ವ ವಿವರಿಸುತ್ತಾರೆ, ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ. ಹುಡುಗಿ ಎರಡು ದಿನ ಶಾಲೆಗೆ ಬರುತ್ತಾಳೆ, ಮೂರನೇ ದಿನ ಮತ್ತೆ ಇಲ್ಲ.

ಯಾಕೆ? ಯಾಕೆಂದರೆ ಅವಳು ತಪ್ಪಿಸಿಕೊಂಡದ್ದು ಓದಿನ ಮೇಲೆ ಆಸೆ ಇಲ್ಲದ್ದಕ್ಕಲ್ಲ. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಂಗನವಾಡಿಯಲ್ಲಿ ದಿನವಿಡೀ ಬಿಡುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಇವನಿಗೆ ಇನ್ನೂ ಎರಡು. ಅಮ್ಮ ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ. ಅಂದಮೇಲೆ ಅಕ್ಕನೇ ಉಳಿಯಬೇಕು. ಹುಡುಗಿಯ ಶಾಲೆಯ ಸಮಸ್ಯೆಗೆ ಪರಿಹಾರ ಸಿಗಬೇಕಾದದ್ದು ಎರಡು ವರ್ಷದ ತಮ್ಮನ ಹತ್ತಿರ.

ಈ ಕೆಲಸದ ತಿರುಳು ಇದೇ ಎಂದು ನನಗೆ ಅನ್ನಿಸುತ್ತದೆ. ಮಗುವನ್ನು ಮಾತ್ರ ನೋಡಿದರೆ ಮಗುವಿನ ಕಷ್ಟ ಕಾಣುವುದಿಲ್ಲ. ಇಡೀ ಮನೆಯ ಒಂದು ದಿನವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೇಳಬೇಕು. ಎಷ್ಟು ಗಂಟೆಗೆ ಏಳ್ತೀರಿ? ನೀರು ಎಲ್ಲಿಂದ? ತಿಂಡಿ ಯಾರು ಮಾಡ್ತಾರೆ? ಚಿಕ್ಕವನು ಯಾರ ಹತ್ತಿರ ಮಲಗ್ತಾನೆ? ಬಟವಾಡೆ ಯಾವತ್ತು, ಯಾರ ಕೈಗೆ ಕೊಡ್ತಾರೆ? ಇದರಲ್ಲಿ ಯಾವ ಪ್ರಶ್ನೆಯೂ ಬುದ್ಧಿ ಹೇಳುವಂಥದ್ದಲ್ಲ. ಆದರೆ ಉತ್ತರಗಳನ್ನು ಜೋಡಿಸಿದರೆ ಮನೆ ಎಲ್ಲಿ ಸೋರುತ್ತಿದೆ ಅಂತ ತಿಳಿದುಬಿಡುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಆಲೂರು ತಾಲ್ಲೂಕಿನ ಒಂದು ಮನೆಗೆ ಹೋಗಿ, ಕೂತ ಕೂಡಲೇ ಫಾರಂ ತೆಗೆದು ಪೆನ್ನು ಹಿಡಿದೆ. ಆ ತಾಯಿ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಮಾವ ಬಂದು "ಏನೂ ತೊಂದ್ರೆ ಇಲ್ಲ, ನೀವು ಹೋಗಿ ಬನ್ನಿ" ಅಂದರು. ಆ ಮನೆಯ ಬಾಗಿಲು ಮತ್ತೆ ತೆರೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಮಗು ಕಷ್ಟದಲ್ಲೇ ಇತ್ತು. ಅವತ್ತಿನಿಂದ ಕೊಟ್ಟ ಕಾಫಿ ಕುಡಿದು ಮುಗಿಯುವ ತನಕ ನಾನು ಚೀಲದಿಂದ ಕಾಗದ ತೆಗೆದಿಲ್ಲ.

ಇನ್ನೊಂದು ಸಂಗತಿ. ಮಗುವಿನ ಹತ್ತಿರ ಬೇರೆಯಾಗಿ ಮಾತಾಡಬೇಕು. ಅಪ್ಪ ಅಮ್ಮನ ಎದುರು ಮಗು "ಎಲ್ಲಾ ಚೆನ್ನಾಗಿದೆ" ಅನ್ನುತ್ತದೆ. ಆದರೆ ಒಳಗೆ ಬಾಗಿಲು ಹಾಕಿಕೊಂಡು ಅಲ್ಲ. ಎಲ್ಲರಿಗೂ ಕಾಣುವಂತೆ, ಆದರೆ ಮಾತು ಕೇಳಿಸದಷ್ಟು ದೂರದಲ್ಲಿ. ಕಾಫಿ ಒಣಗಿಸುವ ಕಣದ ಅಂಚು ಇದಕ್ಕೆ ಒಳ್ಳೆಯ ಜಾಗ. ಆ ಹುಡುಗಿಯೂ ಅಲ್ಲೇ ಕೂತು ಒಂದು ಮಾತು ಹೇಳಿದಳು: "ಊರಲ್ಲಿ ನಂಗೆ ಗಂಡು ನೋಡ್ತಿದ್ದಾರೆ." ಈ ಮಾತು ಯಾವ ಫಾರಂನಲ್ಲೂ ಬರುತ್ತಿರಲಿಲ್ಲ.

ಊರುಗೋಲು ಕೊಡುವುದು ಅಂದರೆ

ಇಲ್ಲಿಂದ ಓಡಾಟ ಶುರು. ಮೊದಲು ತಮ್ಮನ ವ್ಯವಸ್ಥೆ. ಅಂಗನವಾಡಿ ವಯಸ್ಸಾಗದ ಪುಟ್ಟ ಮಕ್ಕಳಿಗಾಗಿ ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದಿದ್ದಾರೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟು ಶುರುವಾದದ್ದು ಅದು. ಹತ್ತಿರದಲ್ಲಿ ಇದೆಯಾ, ಇದ್ದರೆ ಈ ಮಗುವನ್ನು ಸೇರಿಸಿಕೊಳ್ಳುತ್ತಾರಾ ಅಂತ ಪಂಚಾಯಿತಿಯಲ್ಲಿ ಕೇಳಬೇಕು.

ತೋಟದಲ್ಲೇ ವ್ಯವಸ್ಥೆ ಆಗಬಹುದಾ ಅಂತಲೂ ನೋಡಬೇಕು. 50 ಅಥವಾ ಅದಕ್ಕಿಂತ ಜಾಸ್ತಿ ಹೆಣ್ಣಾಳುಗಳು ಇರುವ, ಇಲ್ಲವೇ ಅವರ ಮಕ್ಕಳೇ 20 ಅಥವಾ ಅದಕ್ಕಿಂತ ಜಾಸ್ತಿ ಇರುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ನಮ್ಮ ಕಡೆ ಸಣ್ಣ ತೋಟಗಳೇ ಜಾಸ್ತಿ. ಅಂಥ ಕಡೆ ಕಾನೂನು ತೋರಿಸುವುದಕ್ಕಿಂತ ತೋಟದ ಲೆಕ್ಕ ನೋಡುವ ರೈಟರ ಹತ್ತಿರ, ಸಾಹುಕಾರರ ಹತ್ತಿರ ಕೂತು ಮಾತಾಡುವುದು ಕೆಲಸಕ್ಕೆ ಬರುತ್ತದೆ. ಐದಾರು ಮನೆಯ ಕೂಸುಗಳನ್ನು ಒಬ್ಬ ಹಿರಿಯ ಹೆಂಗಸು ನೋಡಿಕೊಂಡು, ಅವರಿಗೆ ಒಂದು ಆಳಿನ ಕೂಲಿ ಕೊಟ್ಟರೆ ಐದಾರು ತಾಯಂದಿರು ನೆಮ್ಮದಿಯಾಗಿ ಕೆಲಸ ಮಾಡುತ್ತಾರೆ. ಈ ಲೆಕ್ಕ ತೋಟದವರಿಗೂ ಅರ್ಥವಾಗುತ್ತದೆ.

ಆಮೇಲೆ ಅಪ್ಪ. "ಕುಡುಕ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ಕುಡಿತ ಬಿಡಿಸಲು ಚಿಕಿತ್ಸೆ ಇದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 14416 ನಂಬರಿಗೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಒಂದೇ ಸಲಕ್ಕೆ ಬಿಡುವವರು ಕಡಿಮೆ. ಅದು ಕಾರ್ಯಕರ್ತೆಗೂ ಗೊತ್ತಿರಬೇಕು, ಮನೆಯವರಿಗೂ ಗೊತ್ತಿರಬೇಕು. ಅಷ್ಟರಲ್ಲಿ ಬಟವಾಡೆಯ ಒಂದು ಪಾಲು ನೇರ ಅಮ್ಮನ ಖಾತೆಗೆ ಹೋಗುವಂತೆ ಒಪ್ಪಿಸಿದರೆ ಅದೇ ದೊಡ್ಡ ಗೆಲುವು.

ಮಿಕ್ಕಿದ್ದು ಕಾಗದದ ಕೆಲಸ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿಲ್ಲ, ಆಧಾರಿನಲ್ಲಿ ಹುಟ್ಟಿದ ದಿನ ತಪ್ಪಿದೆ, ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿಲ್ಲ, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಬೇಕು. ಒಂದು ದಿನದ ಕೂಲಿ ಬಿಟ್ಟು ಇದಕ್ಕೆಲ್ಲ ಅಲೆಯುವುದು ಅಮ್ಮನಿಗೆ ಆಗುವುದಿಲ್ಲ. ಯಾವ ದಿನ ಹೋದರೆ ಯಾರು ಸಿಗುತ್ತಾರೆ, ಯಾವ ಕಾಗದ ಒಯ್ಯಬೇಕು ಎಂದು ಮೊದಲೇ ವಿಚಾರಿಸಿ ಹೇಳಿದರೆ ಮೂರು ಸಲದ ಅಲೆದಾಟ ಒಂದೇ ಸಲಕ್ಕೆ ಮುಗಿಯುತ್ತದೆ. ಕೇಳಲು ಸಣ್ಣ ಕೆಲಸ. ಮನೆಯವರ ನಂಬಿಕೆ ಹುಟ್ಟುವುದು ಮಾತ್ರ ಇಂಥದ್ದರಿಂದಲೇ.

ತಿಂಗಳಿಗೆ 4000 ರೂಪಾಯಿ ಯಾರಿಗೆ?

ಇದರ ಬಗ್ಗೆ ತುಂಬಾ ಜನ ಕೇಳುತ್ತಾರೆ. "ಮಕ್ಕಳಿಗೆ ದುಡ್ಡು ಕೊಡ್ತಾರಂತೆ, ನಮಗೂ ಬರುತ್ತಾ?"

ಇದರ ಹೆಸರು ಪ್ರಾಯೋಜಕತ್ವ. ಜನ ಸ್ಪಾನ್ಸರ್‌ಶಿಪ್ ಅನ್ನುತ್ತಾರೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ರಾಜ್ಯದ ಪಾಲೂ ಸೇರಿ ಬರುವ ನೆರವು ಇದು. ಮಗುವಿಗೆ ತಿಂಗಳಿಗೆ 4000 ರೂಪಾಯಿ. ಬಡತನದಿಂದಾಗಿ ಮಗು ಮನೆಯಿಂದ ದೂರವಾಗಬಾರದು, ಬಾಲಮಂದಿರ ಸೇರಿದ ಮಗುವಿಗೆ ದುಡ್ಡಿಲ್ಲವೆಂದು ಮನೆಗೆ ಮರಳುವ ದಾರಿ ಮುಚ್ಚಬಾರದು. ಇದರ ಉದ್ದೇಶ ಇಷ್ಟೇ.

ಎಲ್ಲ ಬಡ ಮಕ್ಕಳಿಗೂ ಇದು ಸಿಗುವುದಿಲ್ಲ. ತಾಯಿ ವಿಧವೆ ಆಗಿರಬೇಕು ಅಥವಾ ಗಂಡ ಬಿಟ್ಟವರಾಗಿರಬೇಕು, ಇಲ್ಲವೇ ಮಗು ತಂದೆ ತಾಯಿ ಇಲ್ಲದೆ ಅಜ್ಜಿ, ದೊಡ್ಡಮ್ಮ, ಮಾವನ ಮನೆಯಲ್ಲಿ ಬೆಳೆಯುತ್ತಿರಬೇಕು, ಇಲ್ಲವೇ ತಂದೆ ತಾಯಿಗೆ ಪ್ರಾಣಕ್ಕೆ ಕುತ್ತು ತರುವ ಕಾಯಿಲೆ ಇರಬೇಕು ಅಥವಾ ಮಗುವನ್ನು ಸಾಕುವ ಶಕ್ತಿ ಇಲ್ಲದಂತಾಗಿರಬೇಕು. ದುಡಿಮೆಯಿಂದ, ಬಾಲ್ಯವಿವಾಹದಿಂದ ಬಿಡಿಸಿಕೊಂಡು ಬಂದ ಮಕ್ಕಳನ್ನೂ ಪರಿಗಣಿಸುತ್ತಾರೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000 ರೂಪಾಯಿ, ನಗರದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಬಂದ ಮೇಲೆ ಘಟಕದವರು ಮನೆ ನೋಡಿ ವರದಿ ಕೊಡುತ್ತಾರೆ, ಜಿಲ್ಲಾ ಮಟ್ಟದ ಸಮಿತಿ ತೀರ್ಮಾನ ಮಾಡುತ್ತದೆ. ಮಗು ಶಾಲೆ ಬಿಟ್ಟರೆ ನೆರವು ನಿಲ್ಲಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಅರ್ಜಿಗೆ ಶುಲ್ಕ ಇಲ್ಲ. "ನಾನು ಮಾಡಿಸಿಕೊಡ್ತೀನಿ, 1000 ಕೊಡಿ" ಅಂತ ಯಾರಾದರೂ ಬಂದರೆ ಕೊಡಬೇಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನೇರವಾಗಿ ಹೋಗಿ. ಕಳಸದಿಂದಲೋ ಶೃಂಗೇರಿಯಿಂದಲೋ ಚಿಕ್ಕಮಗಳೂರಿಗೆ ಬಂದು ಹೋಗಲು ಇಡೀ ದಿನ ಬೇಕು ಎಂದು ಗೊತ್ತು. ಅಷ್ಟು ದೂರ ಬರುವ ಮೊದಲು ನಿಮ್ಮ ತಾಲ್ಲೂಕಿನ ಸಿ.ಡಿ.ಪಿ.ಓ. (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಕಾಗದ ಹೊಂದಿಸಿಕೊಂಡು ಹೊರಡಿ.

ಅಸ್ಸಾಂನಿಂದ ಬಂದ ಮಕ್ಕಳು

ಈಗ ನಮ್ಮ ತೋಟಗಳಲ್ಲಿ ಕನ್ನಡ ಬರದ ಕುಟುಂಬಗಳೂ ಇವೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೊಯ್ಲಿಗೆ ಬರುತ್ತಾರೆ. ಅರೇಬಿಕಾ ಮುಗಿದ ಮೇಲೆ ರೋಬಸ್ಟಾ, ಆಮೇಲೆ ಮೆಣಸು ಅಂತ ತೋಟದಿಂದ ತೋಟಕ್ಕೆ ಹೋಗುತ್ತಾರೆ. ಜೊತೆಗೆ ಮಕ್ಕಳೂ ಇರುತ್ತಾರೆ. ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಭಾಷೆ ಗೊತ್ತಿಲ್ಲ ಅಂತ ಆ ಮಕ್ಕಳು ಲೈನ್ ಮನೆಯಲ್ಲೇ ಉಳಿದುಬಿಡುತ್ತಾರೆ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ. 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಎಂದು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಟಿ.ಸಿ. ತಡವಾಯಿತು ಎಂದು ಕಾಯಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಕಾರ್ಯಕರ್ತೆ ಮಾಡುವುದು ಇಷ್ಟೇ: ತೋಟ, ತಾಯಿ, ಹೆಡ್‌ಮೇಷ್ಟ್ರು ಈ ಮೂವರನ್ನೂ ಒಂದು ಕಡೆ ಕೂರಿಸುವುದು. ಮಗು ಮೂರು ತಿಂಗಳು ಇದ್ದು ಹೋಗುತ್ತೆ, ಸುಮ್ನೆ ಯಾಕೆ ಅನ್ನುವವರಿದ್ದಾರೆ. ಆ ಮೂರು ತಿಂಗಳು ಮಧ್ಯಾಹ್ನ ಬಿಸಿ ಊಟ ಸಿಗುತ್ತದೆ, ಜೊತೆಗೆ ಆಡಲು ಮಕ್ಕಳಿರುತ್ತಾರೆ, ಕಾಡಂಚಿನಲ್ಲಿ ಒಂಟಿಯಾಗಿ ಇರುವುದು ತಪ್ಪುತ್ತದೆ. ಆನೆ ಓಡಾಡುವ ಸಕಲೇಶಪುರ, ಆಲೂರು, ಬೇಲೂರು ಕಡೆ ಕೊನೆಯದೂ ಸಣ್ಣ ವಿಷಯವಲ್ಲ.

ಮಗುವನ್ನು ಮನೆಯಿಂದ ಕಳಿಸುವುದು ಯಾವಾಗ?

ಕೆಲವು ಸಲ ಕಳಿಸಲೇಬೇಕಾಗುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಮನೆಯೊಳಗೇ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ, ಪ್ರಾಣಕ್ಕೆ ಅಪಾಯವಾಗುವಂಥ ಹೊಡೆತ, ನೋಡಿಕೊಳ್ಳುವವರೇ ಇಲ್ಲದ ಸ್ಥಿತಿ, ಇನ್ನೇನು ಮದುವೆ ಮಾಡಿಬಿಡುತ್ತಾರೆ ಎನ್ನುವ ಸಂದರ್ಭ ಇವೆಲ್ಲ ಬಂದಾಗ ಸಮಿತಿ ಮಗುವನ್ನು ಸುರಕ್ಷಿತ ಜಾಗಕ್ಕೆ ಕಳಿಸಬಹುದು. ಬಾಲಮಂದಿರವೇ ಆಗಬೇಕೆಂದಿಲ್ಲ. ನಂಬಿಕೆಯ ಅಜ್ಜಿ, ಚಿಕ್ಕಮ್ಮ ಇದ್ದರೆ ಅವರ ಮನೆಯನ್ನೇ ಮೊದಲು ನೋಡುವುದು ಒಳ್ಳೆಯದು.

ಆಮೇಲೆ ಸಮಾಜ ಕಾರ್ಯಕರ್ತರು ಸಾಮಾಜಿಕ ತನಿಖಾ ವರದಿ ಬರೆಯುತ್ತಾರೆ. ಮನೆ, ಓದು, ಆರೋಗ್ಯ, ನೆಂಟರಿಷ್ಟರು, ಮಗುವಿನ ಇಷ್ಟ ಎಲ್ಲ ಅದರಲ್ಲಿರುತ್ತದೆ. ಇದಕ್ಕೆ 15 ದಿನದ ಗಡುವು. ಮಗು ಮೊದಲ ಸಲ ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಮಾಡಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಎರಡು ಕಡೆ ಮಾತ್ರ ಕಾರ್ಯಕರ್ತೆಗೆ "ನೋಡೋಣ, ನಿಧಾನಕ್ಕೆ ಸರಿ ಮಾಡೋಣ" ಅನ್ನುವ ಅವಕಾಶ ಇಲ್ಲ.

ಒಂದು ಪೋಕ್ಸೋ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಆ ಕಾಯ್ದೆಯ 19ನೇ ಸೆಕ್ಷನ್ ಇದನ್ನು ಎಲ್ಲರ ಮೇಲೂ ಹೊರಿಸಿದೆ. ಮನೆಯ ಮರ್ಯಾದೆ, ಊರಿನ ಪಂಚಾಯಿತಿ ಯಾವುದೂ ಇದಕ್ಕೆ ಅಡ್ಡ ಬರುವಂತಿಲ್ಲ. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಕೇಸು ಮುಗಿಯುವ ತನಕ ಮಗುವಿನ ಜೊತೆ ಇರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಸಮಿತಿ ಕೊಡಬಹುದು. ಕೋರ್ಟಿಗೆ ಹೋಗುವ ದಿನ ಬೆಳಿಗ್ಗೆ ಮಗುವಿನ ಪಕ್ಕ ಬಸ್ಸಿನಲ್ಲಿ ಕೂತುಕೊಳ್ಳುವ ಒಬ್ಬರು. ಅದು ಎಷ್ಟು ದೊಡ್ಡ ಧೈರ್ಯ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಬಾಲ್ಯವಿವಾಹ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಅದೂ ಅಲ್ಲದೆ ಕರ್ನಾಟಕದ ತಿದ್ದುಪಡಿಯಂತೆ ಇಲ್ಲಿ ಅಂಥ ಮದುವೆ ಮೊದಲಿಂದಲೇ ಅಸಿಂಧು. ಅಂದರೆ ಕಾನೂನಿನ ಕಣ್ಣಿನಲ್ಲಿ ಅದು ಮದುವೆಯೇ ಅಲ್ಲ. ತಡೆಯುವ ಅಧಿಕಾರ ಪಂಚಾಯಿತಿ ಪಿ.ಡಿ.ಓ. ಸೇರಿ ಹಲವು ಅಧಿಕಾರಿಗಳಿಗೆ ಇದೆ.

ಆ ಹುಡುಗಿಯ ವಿಷಯದಲ್ಲಿ ಅಮ್ಮನನ್ನು ಕೂರಿಸಿಕೊಂಡು ಕೇಳಿದಾಗ ಬಂದ ಉತ್ತರ: "ನಾವಿಬ್ರೂ ತೋಟಕ್ಕೆ ಹೋಗ್ತೀವಿ ಮೇಡಂ. ವಯಸ್ಸಿಗೆ ಬಂದ ಹುಡುಗಿ ಇಡೀ ದಿನ ಲೈನಲ್ಲಿ ಒಬ್ಳೇ ಇರ್ತಾಳೆ. ಹೆದ್ರಿಕೆ ಆಗುತ್ತೆ." ಮದುವೆಯ ಯೋಚನೆಯ ಹಿಂದೆ ಇದ್ದದ್ದು ಈ ಹೆದರಿಕೆ. ಕಾನೂನು ಹೇಳಿ ಮದುವೆ ನಿಲ್ಲಿಸಬಹುದು, ಹೆದರಿಕೆ ಹಾಗೇ ಉಳಿಯುತ್ತದೆ. ತಮ್ಮನಿಗೆ ಜಾಗ ಸಿಕ್ಕಿ ಅವಳು ಹಗಲೆಲ್ಲ ಶಾಲೆಯಲ್ಲಿದ್ದರೆ ಹೆದರಿಕೆಯೂ ಅರ್ಧ ಇಳಿಯುತ್ತದೆ. ಅದೂ ಸಾಲದಿದ್ದರೆ ಹಾಸ್ಟೆಲ್ಲು ಇದೆ. ಹಾಸ್ಟೆಲ್ಲಿಗೆ ಹೋದ ಮಗು ರಜೆಗೆ ಮನೆಗೇ ಬರುತ್ತದೆ. ಮನೆ ಬಿಟ್ಟುಹೋದಂತೆ ಅಲ್ಲ.

ಈ ಕೆಲಸ ಮಾಡಬೇಕು ಅನ್ನುವವರಿಗೆ

ಓದು ಎಷ್ಟು ಬೇಕು ಅಂತ ಯುವಕ ಯುವತಿಯರು ಕೇಳುತ್ತಾರೆ. ಸಮಾಜ ಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರದಲ್ಲಿ ಪದವಿ ಇದ್ದರೆ ಸಮಾಜ ಕಾರ್ಯಕರ್ತ ಅಥವಾ ಆಪ್ತ ಸಮಾಲೋಚಕ ಹುದ್ದೆಗೆ ಅರ್ಜಿ ಹಾಕಬಹುದು. ಎಂ.ಎಸ್.ಡಬ್ಲ್ಯೂ. (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ್ದರೆ ಅನುಕೂಲ ಜಾಸ್ತಿ. ಕ್ಷೇತ್ರ ಕಾರ್ಯಕರ್ತರ ಹುದ್ದೆಗೆ ಪಿ.ಯು.ಸಿ. ಆದವರೂ ಅರ್ಜಿ ಹಾಕಬಹುದು. ಘಟಕದ ಬಹುತೇಕ ಹುದ್ದೆಗಳು ಗುತ್ತಿಗೆಯವು. ಇದನ್ನು ತಿಳಿದುಕೊಂಡೇ ಬನ್ನಿ.

ಓದಿಗಿಂತ ಮುಖ್ಯವಾದದ್ದು ಕೆಲವಿವೆ. ಕೇಳಿಸಿಕೊಳ್ಳುವ ತಾಳ್ಮೆ ಬೇಕು. ಕೊಡಿಸಲಾಗದ್ದನ್ನು ಕೊಡಿಸುತ್ತೇನೆ ಎಂದು ಮಾತು ಕೊಡಬಾರದು. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಬಾಯಿ ಬಿಡಬಾರದು. ಬಡತನವನ್ನೂ ನಿರ್ಲಕ್ಷ್ಯವನ್ನೂ ಬೇರೆ ಮಾಡಿ ನೋಡಲು ಬರಬೇಕು. ಹರಿದ ಅಂಗಿ ಹಾಕಿದ ಮಗು ಅಂದರೆ ಪ್ರೀತಿ ಇಲ್ಲದ ಮನೆ ಎಂದಲ್ಲ.

ಮನಸ್ಸಿನ ಭಾರದ ಬಗ್ಗೆಯೂ ಹೇಳಬೇಕು. ಕೇಳಿದ ಕಥೆಗಳು ರಾತ್ರಿ ನಿದ್ದೆ ಕೆಡಿಸುತ್ತವೆ. ಒಬ್ಬರೇ ಹೊತ್ತುಕೊಂಡರೆ ಒಂದೆರಡು ವರ್ಷಕ್ಕೆ ದಣಿದು ಬಿಟ್ಟುಹೋಗುತ್ತಾರೆ, ಹಾಗೆ ಹೋದವರನ್ನು ನೋಡಿದ್ದೇನೆ. ಹಿರಿಯ ಸಹೋದ್ಯೋಗಿಯ ಜೊತೆ ವಾರಕ್ಕೊಮ್ಮೆ ಕೂತು ಕೇಸುಗಳ ಬಗ್ಗೆ ಮಾತಾಡುವ ಅಭ್ಯಾಸ ಇಟ್ಟುಕೊಳ್ಳಿ. ಇದನ್ನು ಕೆಲಸದ ಭಾಗ ಅಂತಲೇ ತಿಳಿಯಿರಿ.

ನಿಮ್ಮ ಮನೆಗೆ ಬಂದರೆ

ಫೋನ್ ಮಾಡಿದ ಆ ತಾಯಿಗೆ ನಾನು ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಗುರುತಿನ ಚೀಟಿ ತೋರಿಸಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು, ಯಾರೂ ಬೇಜಾರು ಮಾಡಿಕೊಳ್ಳಬಾರದು. ಯಾವ ಆಫೀಸು, ಏನು ಬರೆದುಕೊಳ್ಳುತ್ತಿದ್ದೀರಿ, ಮುಂದೆ ಏನಾಗುತ್ತದೆ ಅಂತ ಕೇಳಿ. ಅವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಓದಿ ಹೇಳದ ಕಾಗದಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಮಗುವನ್ನು ಅಡಗಿಸಬೇಡಿ. ಮನೆಯ ಕಷ್ಟ ಇದ್ದದ್ದು ಇದ್ದ ಹಾಗೆ ಹೇಳಿ. ದುಡ್ಡಿಲ್ಲ, ನೋಡಿಕೊಳ್ಳುವವರಿಲ್ಲ, ಗಂಡ ಕುಡಿಯುತ್ತಾನೆ ಎಂದು ಹೇಳಿದ್ದಕ್ಕೆ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ಹೇಳದಿದ್ದರೆ ಏನು ಬೇಕು ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಂಗಾದ್ರೆ ಅವ್ರು ಮತ್ತೆ ಬಂದಾಗ ಚಿಕ್ಕೋನ್ ವಿಷ್ಯ ಕೇಳ್ಲಾ ಅಕ್ಕಾ? ಅವನನ್ನ ಎಲ್ಲಾದ್ರೂ ಬಿಡೋ ಹಂಗಾದ್ರೆ, ಇವಳು ಸೋಮವಾರದಿಂದಾನೇ ಹೋಗ್ತಾಳೆ."

"ಅದನ್ನೇ ಮೊದಲು ಕೇಳಿ" ಅಂದೆ.